ಓಕುಳಿಯ ಕೆಂಪು ಬೇರೆ, ಕುಂಕುಮದ ಕೆಂಪು ಬೇರೆ

ದಾವಣಗೆರೆಯಲ್ಲಿ ಒಗ್ಗರಣೆ ಮಂಡಕ್ಕಿ ತಿಂದು ಅಂಗಿಗೆ ಅರಿಶಿಣದ ಕಲೆ ಮಾಡಿಕೊಳ್ಳದವರು ಕಡಿಮೆ. ಆ ಕಲೆಗೆ ಸೋಪು ತಿಕ್ಕಿದ ತಕ್ಷಣ ಹಳದಿ ಹೋಗಿ ಕೆಂಪಾಗುತ್ತದೆ. ಕಲೆ ಇನ್ನೂ ಜಾಸ್ತಿ ಆಯ್ತು ಅಂತ ಗಾಬರಿ ಆಗುತ್ತದೆ, ಅಲ್ವಾ? ಚೆನ್ನಾಗಿ ಜಾಲಿಸಿ ಹಿಂಡಿದರೆ ಅದು ಮತ್ತೆ ಹಳದಿಗೆ ಬರುತ್ತದೆ. ಸೋಪಿನದ್ದೇನೂ ತಪ್ಪಿಲ್ಲ. ಬಚ್ಚಲಿನಲ್ಲಿ ನಡೆದದ್ದು ಓಕುಳಿ ಮಾಡುವಾಗ ನಡೆಯುವುದೇ. ಮದುಮಗಳು ಮನೆ ತುಂಬುವಾಗ, ಬಾಣಂತಿ ಕೂಸನ್ನು ಎತ್ತಿಕೊಂಡು ಬಂದಾಗ ತಟ್ಟೆಯ ನೀರಿಗೆ ಅರಿಶಿಣ, ಚೂರು ಸುಣ್ಣ ಹಾಕಿ ಕೆಂಪು ಮಾಡಿ ಆರತಿ ಎತ್ತುತ್ತಾರಲ್ಲ, ಆ ಕೆಂಪೂ ಈ ಕಲೆಯ ಕೆಂಪೂ ಒಂದೇ.

ಅರಿಶಿಣದಿಂದ ಮಾಡುವ ಕುಂಕುಮದ ಕೆಂಪೂ ಹೀಗೇ ಬರುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಳೆಯ ಪದ್ಧತಿಯಲ್ಲಿ ಮಾಡಿದ ಕುಂಕುಮದ ಮಟ್ಟಿಗೆ ಅದು ನಿಜವಲ್ಲ. ಅದರ ಕೆಂಪು ಹುಟ್ಟುವ ದಾರಿಯೇ ಬೇರೆ. ಎರಡರ ವ್ಯತ್ಯಾಸ ಹಿಡಿಯಲು ಲ್ಯಾಬ್ ಬೇಕಿಲ್ಲ, ಒಂದು ನಿಂಬೆಹಣ್ಣು ಸಾಕು. ಮೊದಲು ಓಕುಳಿ ಮಾಡಿ ನೋಡೋಣ.

ಎಲೆ ಅಡಿಕೆಗೆ ಹಾಕಿಕೊಳ್ಳುವ ಸುಣ್ಣ ಕಡಲೆಕಾಳಿನಷ್ಟು ಸಾಕು. ಅದನ್ನು ಒಂದು ಲೋಟ ನೀರಿನಲ್ಲಿ ಕದಡಿ ಅರ್ಧ ಗಂಟೆ ಅಲುಗಿಸದೆ ಇಡಿ. ಸುಣ್ಣ ತಳಕ್ಕೆ ಕೂತು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನು ಮಾತ್ರ ಬೇರೆ ಲೋಟಕ್ಕೆ ಬಗ್ಗಿಸಿಕೊಳ್ಳಿ. ಇನ್ನೊಂದು ಗಾಜಿನ ಲೋಟದಲ್ಲಿ ಕಾಲು ಚಮಚ ಅರಿಶಿಣ ಪುಡಿ ಹಾಕಿ ನೀರು ತುಂಬಿಸಿ. ಈ ಹಳದಿ ನೀರಿಗೆ ಸುಣ್ಣದ ತಿಳಿಯನ್ನು ಚಮಚದಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗಿ. ಮೊದಲು ಕಿತ್ತಳೆ, ಆಮೇಲೆ ಇಟ್ಟಿಗೆ ಬಣ್ಣ, ಕೊನೆಗೆ ಗಾಢ ಕೆಂಪು.

ಒಂದು ವಿಷಯ ಗಮನಿಸಿ. ಸುಣ್ಣ ಹಾಕುವ ಮೊದಲು ಅರಿಶಿಣದ ಪುಡಿ ನೀರಿನಲ್ಲಿ ಸರಿಯಾಗಿ ಕರಗಿರಲಿಲ್ಲ, ತಳಕ್ಕೆ ಕೂರುತ್ತಿತ್ತು. ಅರಿಶಿಣಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಣ್ಣೆಯಲ್ಲಿ, ಸ್ಪಿರಿಟ್‌ನಲ್ಲಿ ಕರಗುತ್ತದೆ, ಬರೀ ನೀರಿನಲ್ಲಿ ಕರಗುವುದು ಅತಿ ಕಡಿಮೆ. ಪುಡಿ ಹಾಕಿದ ಕೂಡಲೇ ನೀರೆಲ್ಲ ಕಡು ಹಳದಿ ಆದರೆ ಕೃತಕ ಬಣ್ಣ ಬೆರೆಸಿರಬಹುದು ಎಂದು ಅನುಮಾನಿಸಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ ಜನರಿಗೆ ಹೇಳಿಕೊಡುವ ಮನೆ ಪರೀಕ್ಷೆಗಳಲ್ಲಿ ಇದೂ ಒಂದು. ಸುಣ್ಣ ಬಿದ್ದ ಮೇಲೆ ಮಾತ್ರ ಕರ್ಕ್ಯುಮಿನ್ ನೀರಿಗೆ ಇಳಿಯುತ್ತದೆ. ಓಕುಳಿಯ ಬಣ್ಣ ಅಷ್ಟು ತುಂಬಿಕೊಂಡಂತೆ ಕಾಣುವುದಕ್ಕೆ ಅದೂ ಒಂದು ಕಾರಣ.

ಈಗ ನಿಂಬೆರಸ. ಇಲ್ಲಿ ಅವಸರ ಮಾಡಬೇಡಿ, ಪ್ರಯೋಗದ ಸೊಗಸೆಲ್ಲ ಇಲ್ಲೇ ಇರುವುದು. ಇಂಕ್ ಫಿಲ್ಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಂದು ಸ್ಟ್ರಾ ತುದಿಯಿಂದ ಹನಿ ಹನಿಯಾಗಿ ಬಿಡಿ. ಮೊದಲ ಹನಿ ಬಿದ್ದ ಕಡೆ ಒಂದು ಹಳದಿ ಚುಕ್ಕೆ ಅರಳುತ್ತದೆ. ಚಮಚ ಆಡಿಸಿದರೆ ಸುತ್ತಲಿನ ಕೆಂಪು ಅದನ್ನು ನುಂಗಿಬಿಡುತ್ತದೆ. ಮುಂದಿನ ಹನಿಯ ಕಥೆಯೂ ಅದೇ. ಹೀಗೆ ಹೋಗುತ್ತಾ ಹೋಗುತ್ತಾ ಹಳದಿ ಚುಕ್ಕೆ ಮಾಯವಾಗುವುದು ನಿಧಾನವಾಗುತ್ತದೆ. ಆಮೇಲೆ ಒಂದು ಹನಿ ಬೀಳುತ್ತದೆ, ಕಲಕುತ್ತೀರಿ, ಇಡೀ ಲೋಟ ಹಳದಿಗೆ ತಿರುಗುತ್ತದೆ. ಅಲ್ಲಿಗೆ ಸುಣ್ಣದ ಕ್ಷಾರವನ್ನು ನಿಂಬೆಯ ಹುಳಿ ತೀರಿಸಿತು ಎಂದರ್ಥ. ಕಾಲೇಜಿನ ಲ್ಯಾಬಿನಲ್ಲಿ ಬ್ಯೂರೆಟ್ ಹಿಡಿದು ಮಾಡುವ ಟೈಟ್ರೇಷನ್ ಅಂದರೆ ಇದೇ. ಹನಿ ಎಣಿಸಿಕೊಂಡರೆ ಅಳತೆಯೂ ಸಿಕ್ಕಿತು. ಅಷ್ಟೇ ಓಕುಳಿಗೆ ನಿಂಬೆರಸ ಎಷ್ಟು ಹನಿ ಬೇಕು, ಹುಣಸೆ ನೀರು ಎಷ್ಟು, ಹುಳಿ ಮಜ್ಜಿಗೆ ಎಷ್ಟು ಅಂತ ಮಕ್ಕಳೇ ಪಟ್ಟಿ ಮಾಡಬಹುದು. ಕಡಿಮೆ ಹನಿಯಲ್ಲಿ ಕೆಲಸ ಮುಗಿಸಿದ್ದರಲ್ಲಿ ಆಮ್ಲ ಜಾಸ್ತಿ.

ತಿಳಿ ಮಾತ್ರ ಬಗ್ಗಿಸಿಕೊಳ್ಳಿ ಅಂದಿದ್ದಕ್ಕೆ ಕಾರಣ ಇದೆ. ಸುಣ್ಣ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಒಂದು ಲೀಟರಿಗೆ ಎರಡು ಗ್ರಾಂ ಕೂಡ ಇಲ್ಲ. ಗಷ್ಟು ಸಮೇತ ಹಾಕಿದ್ದರೆ, ನಿಂಬೆರಸ ಬಿಟ್ಟು ಹಳದಿ ಮಾಡಿಟ್ಟ ನೀರು ಸ್ವಲ್ಪ ಹೊತ್ತಿನಲ್ಲಿ ತಳದಿಂದ ಮತ್ತೆ ಕೆಂಪೇರಲು ಶುರುವಾಗುತ್ತದೆ. ಕೂತಿದ್ದ ಸುಣ್ಣ ಒಂದೊಂದೇ ಕಣವಾಗಿ ಕರಗುತ್ತಾ ಹುಳಿಯನ್ನು ಸೋಲಿಸುತ್ತದೆ. ನೋಡಲು ಅದೂ ಚೆಂದ, ಆದರೆ ಹನಿಗಳ ಲೆಕ್ಕ ಮಾತ್ರ ಕೆಡುತ್ತದೆ.

ನಿಂಬೆಯ ಬದಲು ಗೋಲಿ ಸೋಡಾ ಹಾಕಿಯೂ ನೋಡಿ. ಬಣ್ಣ, ರುಚಿ ಸೇರಿಸದ ಬರೀ ಸೋಡಾ ಇರಲಿ. ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗಿರುತ್ತದೆ. ಅದು ಮೆದು ಆಮ್ಲ, ಆದರೂ ತೆಳುವಾದ ಓಕುಳಿಯನ್ನು ಹಳದಿ ಮಾಡಲು ಸಾಕಾಗುತ್ತದೆ.

ಇಷ್ಟಕ್ಕೂ ಬಣ್ಣ ಬದಲಾಗುವುದು ಯಾಕೆ? ಕರ್ಕ್ಯುಮಿನ್ ಅಣು ಉದ್ದನೆಯದು. 21 ಕಾರ್ಬನ್, 20 ಹೈಡ್ರೋಜನ್, 6 ಆಕ್ಸಿಜನ್ ಪರಮಾಣುಗಳು ಸೇರಿ ಅದು ಆಗಿದೆ. ಎರಡು ತುದಿಗೆ ಒಂದೊಂದು ಉಂಗುರ, ನಡುವೆ ಸರಪಳಿ. ಈ ಸರಪಳಿಯ ಉದ್ದಕ್ಕೂ ಕೆಲವು ಎಲೆಕ್ಟ್ರಾನ್‌ಗಳು ಒಂದೇ ಕಡೆ ಕಟ್ಟಿಕೊಂಡಿರದೆ ಹರಡಿಕೊಂಡಿರುತ್ತವೆ. ಅಣುವಿನ ಮೇಲೆ ಬಿಳಿ ಬೆಳಕು ಬಿದ್ದಾಗ ಅದರಲ್ಲಿ ಒಂದು ಪಾಲನ್ನು ಹೀರಿಕೊಳ್ಳುವವರು ಈ ಎಲೆಕ್ಟ್ರಾನ್‌ಗಳೇ. ಸಾಮಾನ್ಯ ಸ್ಥಿತಿಯಲ್ಲಿ ಕರ್ಕ್ಯುಮಿನ್ 425 ನ್ಯಾನೋಮೀಟರ್ ಆಸುಪಾಸಿನ ನೇರಳೆ-ನೀಲಿ ಬೆಳಕನ್ನು ಹೀರುತ್ತದೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಬರುತ್ತದೆ, ಅದು ಹಳದಿಯಾಗಿ ಕಾಣುತ್ತದೆ.

ಅಣುವಿನಲ್ಲಿ ಆಕ್ಸಿಜನ್‌ಗೆ ಅಂಟಿಕೊಂಡ ಕೆಲವು ಹೈಡ್ರೋಜನ್‌ಗಳಿವೆ, ಅವುಗಳ ಹಿಡಿತ ಸಡಿಲ. ಸುಣ್ಣದಂಥ ಕ್ಷಾರ ಬಂದಾಗ ಅದು ಅಂಥ ಹೈಡ್ರೋಜನ್ನನ್ನು ಎಳೆದುಕೊಂಡುಬಿಡುತ್ತದೆ. ಹೋಗುವಾಗ ಹೈಡ್ರೋಜನ್ ತನ್ನ ಎಲೆಕ್ಟ್ರಾನನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಆಗ ಅಣುವಿನ ಎಲೆಕ್ಟ್ರಾನ್‌ಗಳಿಗೆ ಓಡಾಡಲು ಇನ್ನಷ್ಟು ಅನುಕೂಲವಾಗುತ್ತದೆ. ಪಂಚಮಿ ಹಬ್ಬಕ್ಕೆ ಕಟ್ಟುವ ಜೋಕಾಲಿ ನೆನಪಿಸಿಕೊಳ್ಳಿ. ಹಗ್ಗ ಗಿಡ್ಡ ಇದ್ದರೆ ಬೇಗ ಬೇಗ ತೂಗುತ್ತದೆ, ಉದ್ದ ಇದ್ದರೆ ನಿಧಾನ. ಎಲೆಕ್ಟ್ರಾನ್‌ಗಳ ಹರವು ಹೆಚ್ಚಾದಷ್ಟೂ ಅವು ನಿಧಾನವಾಗಿ ಕಂಪಿಸುವ, ಅಂದರೆ ಕಡಿಮೆ ಶಕ್ತಿಯ ಬೆಳಕಿಗೆ ಸ್ಪಂದಿಸುತ್ತವೆ. ನೇರಳೆಯ ಬದಲು ನೀಲಿ, ನೀಲಿ-ಹಸಿರು ಬೆಳಕನ್ನು ಹೀರತೊಡಗುತ್ತವೆ. ಉಳಿದದ್ದು ಕಣ್ಣಿಗೆ ಕೆಂಪಾಗಿ ಕಾಣುತ್ತದೆ. ನಿಂಬೆರಸ ಹಾಕಿದಾಗ ಹೈಡ್ರೋಜನ್ ತನ್ನ ಜಾಗಕ್ಕೆ ವಾಪಸ್ಸು ಬರುತ್ತದೆ, ಹಳದಿಯೂ ಬರುತ್ತದೆ.

ಹುಳಿ, ಕ್ಷಾರ ಎಷ್ಟಿದೆ ಅಂತ ಹೇಳಲು ಪಿಎಚ್ ಎಂಬ ಅಂಕಿ ಬಳಸುತ್ತಾರೆ. ಡೆನ್ಮಾರ್ಕಿನ ಸೋರೆನ್‌ಸೆನ್ 1909ರಲ್ಲಿ ಈ ಅಳತೆ ತಂದರು. ಶುದ್ಧ ನೀರು 7. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ನಿಂಬೆರಸ 2ರ ಹತ್ತಿರ, ಅಡುಗೆ ಸೋಡಾದ ನೀರು 8.3ರ ಹತ್ತಿರ, ಬಟ್ಟೆ ಸೋಪಿನ ನೀರು 9ರಿಂದ 10, ಸುಣ್ಣದ ತಿಳಿ 12.4ರವರೆಗೂ ಹೋಗುತ್ತದೆ. ಅರಿಶಿಣ ಬದಲಾಗಲು ಶುರುವಾಗುವುದು 7.5ರ ಮೇಲೆ. ಹಾಗಾಗಿ ಹಾಲು, ಮಜ್ಜಿಗೆ, ಟೀ ಯಾವುದನ್ನು ಹಾಕಿದರೂ ಅರಿಶಿಣ ಸುಮ್ನೆ ಹಳದಿಯಾಗೇ ಇರುತ್ತದೆ. ಇದು ಹುಳಿ, ಇದು ಇನ್ನೂ ಹುಳಿ ಅಂತ ವಿಂಗಡಿಸಲು ಅದಕ್ಕೆ ಬರುವುದಿಲ್ಲ. ಅದಕ್ಕೆ ಹೂಗಳು ಬೇಕು. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದ ನೀರು ಹುಳಿಗೆ ಗುಲಾಬಿ ಕೆಂಪು, ಅಡುಗೆ ಸೋಡಾಕ್ಕೆ ಹಸಿರು. ನೀಲಿ ಶಂಖಪುಷ್ಪದ ನೀರು ನಿಂಬೆ ಬಿದ್ದರೆ ನೇರಳೆ ಆಗುತ್ತದೆ. ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ 1664ರಲ್ಲಿ ವಯೋಲೆಟ್ ಹೂವಿನ ರಸದಿಂದ ಇದನ್ನೇ ತೋರಿಸಿದ್ದ. ಆಮ್ಲಕ್ಕೆ ಕೆಂಪು, ಕ್ಷಾರಕ್ಕೆ ಹಸಿರು.

ಅರಿಶಿಣದ ಈ ಗುಣ ಸುಣ್ಣದ ವಯಸ್ಸನ್ನೂ ಹೇಳುತ್ತದೆ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಒದ್ದೆ ಅರಿಶಿಣ ಹಚ್ಚಿದರೆ ಕೆಂಪಾಗುತ್ತದೆ. ವರ್ಷಗಟ್ಟಲೆ ಹಳೆಯದಾದ ಸುಣ್ಣದ ಗೋಡೆಗೆ ಹಚ್ಚಿದರೆ ಹಳದಿಯಾಗೇ ಉಳಿಯುತ್ತದೆ. ಗೋಡೆಯ ಮೇಲಿನ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲೇ ಆಗಿಬಿಟ್ಟಿರುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್, ಕ್ಷಾರದ ಕಾರ ಅದರಲ್ಲಿ ಉಳಿದಿಲ್ಲ. ನಮ್ಮ ಕಡೆ ಬೋರ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದರಲ್ಲಿ ಹೆಚ್ಚಿನ ಪಾಲು ಇದೇ ವಸ್ತು. ಎಂಜಿನಿಯರುಗಳು ಹಳೆಯ ಕಾಂಕ್ರೀಟ್ ಪರೀಕ್ಷಿಸುವುದೂ ಹೀಗೇ. ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ಥಲೀನ್ ಎಂಬ ಸೂಚಕ ಸಿಂಪಡಿಸುತ್ತಾರೆ. ಗುಲಾಬಿ ಬಣ್ಣ ಬಂದ ಕಡೆ ಸಿಮೆಂಟಿನ ಕ್ಷಾರ ಇನ್ನೂ ಇದೆ, ಒಳಗಿನ ಕಬ್ಬಿಣಕ್ಕೆ ತುಕ್ಕಿನಿಂದ ರಕ್ಷಣೆ ಇದೆ. ಬಣ್ಣ ಬಾರದ ಕಡೆ ಆ ರಕ್ಷಣೆ ಹೋಗಿದೆ.

ಡಬ್ಬಿಯ ಬಾಯಿ ತೆರೆದಿಟ್ಟು ಒಣಗಿದ ಸುಣ್ಣದಿಂದ ಓಕುಳಿ ಸರಿಯಾಗಿ ಆಗದಿರುವುದಕ್ಕೂ ಕಾರಣ ಅದೇ. ತೇವ ಇರುವ ಹೊಸ ಸುಣ್ಣವೇ ಬೇಕು.

ಸುಣ್ಣದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಪಾನ್ ಅಂಗಡಿಯಲ್ಲಿ ಸಿಗುವ ಸುಣ್ಣದ ಪ್ಯಾಕೆಟ್ಟು, ಟ್ಯೂಬುಗಳನ್ನು ಮಕ್ಕಳ ಕೈಗೆ ಕೊಡಬೇಡಿ. ಒತ್ತಿದಾಗ ಸುಣ್ಣ ಚಿಮ್ಮಿ ಕಣ್ಣಿಗೆ ಹೊಡೆದು ದೃಷ್ಟಿ ಹಾಳಾದ ಮಕ್ಕಳಿದ್ದಾರೆ. ಕ್ಷಾರ ಕಣ್ಣಿನ ಒಳಪದರಕ್ಕೆ ಇಳಿಯುತ್ತಾ ಹೋಗುತ್ತದೆ, ಅದಕ್ಕೇ ಅದು ಅಷ್ಟು ಅಪಾಯ. ಬಿದ್ದರೆ ಉಜ್ಜಬಾರದು. ನಲ್ಲಿಯ ಕೆಳಗೆ ಕಣ್ಣು ತೆರೆದು ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ನೀರು ಹರಿಸಿ, ನೇರ ಆಸ್ಪತ್ರೆಗೆ ಹೋಗಬೇಕು. ನಿಂಬೆರಸ ಹಾಕಿ ಸರಿಮಾಡುತ್ತೇನೆ ಅನ್ನುವ ಯೋಚನೆ ಕಣ್ಣಿನ ವಿಷಯದಲ್ಲಿ ಬೇಡವೇ ಬೇಡ. ಪ್ರಯೋಗದಲ್ಲಿ ಸುಣ್ಣದ ಕೆಲಸ ದೊಡ್ಡವರೇ ಮಾಡಲಿ, ಮಕ್ಕಳು ನಿಂಬೆ ಹನಿಸಲಿ. ಸಣ್ಣ ಮಕ್ಕಳಿದ್ದರೆ ಸುಣ್ಣ ಬಿಟ್ಟು ಬಟ್ಟೆ ಸೋಪಿನ ನೀರು ಬಳಸಿ, ಅದಕ್ಕೂ ಅರಿಶಿಣ ಕೆಂಪಾಗುತ್ತದೆ. ಇನ್ನೊಂದು, ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪೌಡರ್ ಎರಡೂ ಈ ಆಟದಿಂದ ದೂರ ಇರಲಿ. ಬ್ಲೀಚಿಂಗ್ ಪೌಡರಿಗೆ ಹುಳಿ ಬಿದ್ದರೆ ಕ್ಲೋರಿನ್ ವಿಷಾನಿಲ ಬರುತ್ತದೆ.

ಅಡುಗೆಮನೆಯಲ್ಲೇ ಮಾಡಬಹುದಾದ ಇನ್ನೊಂದು ಪ್ರಯೋಗ ನನಗೆ ಓಕುಳಿಗಿಂತಲೂ ಇಷ್ಟ. ಎರಡು ಚಮಚ ಅಡುಗೆ ಸೋಡಾ ತೆಗೆದುಕೊಳ್ಳಿ. ಒಂದು ಚಮಚ ಹಾಗೇ ಇರಲಿ. ಇನ್ನೊಂದನ್ನು ಒಣ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕೈಯಾಡಿಸುತ್ತಾ ಹುರಿಯಿರಿ. ಒಣ ಪುಡಿಯೇ ಕುದಿಯುತ್ತಿರುವ ಹಾಗೆ ಅಲ್ಲಲ್ಲಿ ಸಣ್ಣಗೆ ಉಬ್ಬಿ ಒಡೆಯುತ್ತದೆ. ಒಳಗಿಂದ ಹಬೆ, ಕಾರ್ಬನ್ ಡೈಆಕ್ಸೈಡ್ ಹೊರಡುತ್ತಿರುತ್ತವೆ. ಆರಿದ ಮೇಲೆ ನೋಡಿದರೆ ಅದೂ ಬಿಳಿ, ಇದೂ ಬಿಳಿ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ ಅರಿಶಿಣ ಹಾಕಿ. ಹಸಿ ಸೋಡಾದ ಲೋಟ ಕಿತ್ತಳೆ ಕಡೆಗೆ ವಾಲಿ ನಿಲ್ಲುತ್ತದೆ. ಹುರಿದದ್ದು ಕಡು ಕೆಂಪು. ಹುರಿದಾಗ ಅಡುಗೆ ಸೋಡಾ ವಾಷಿಂಗ್ ಸೋಡಾ ಆಗಿದೆ, ಪಿಎಚ್ 11ರ ಹತ್ತಿರ ಹೋಗಿದೆ. ತೂಕವೂ ಇಳಿದಿರುತ್ತದೆ. 100 ಗ್ರಾಂ ಪೂರ್ತಿ ಬದಲಾದರೆ ಉಳಿಯುವುದು 63 ಗ್ರಾಂ. ಮಾಡಿದ ಮೇಲೆ ಅದನ್ನು ಅಡುಗೆಗೆ ಬಳಸಬೇಡಿ.

ಮಿರ್ಚಿ ಹಾಕುವವರಿಗೆ ಇದರ ಇನ್ನೊಂದು ಮುಖ ಗೊತ್ತಿರುತ್ತದೆ. ಅರಿಶಿಣ ಹಾಕಿದ ಕಡಲೆಹಿಟ್ಟಿಗೆ ಸೋಡಾ ಜಾಸ್ತಿ ಬಿದ್ದು ಸರಿಯಾಗಿ ಕಲಸದಿದ್ದರೆ ಅಲ್ಲಲ್ಲಿ ಕೆಂಪು ಚುಕ್ಕೆ ಏಳುತ್ತದೆ, ಬಾಯಿಗೆ ಸೋಪು ಸೋಪು ಅನಿಸುತ್ತದೆ. ದೋಸೆ ಹಿಟ್ಟು ಹುಳಿ ಬಂದಿರುವುದರಿಂದ ಚಿಟಿಕೆ ಸೋಡಾವನ್ನು ಆ ಹುಳಿಯೇ ತೀರಿಸುತ್ತದೆ. ಕಡಲೆಹಿಟ್ಟಿನಲ್ಲಿ ಹುಳಿ ಇಲ್ಲ. ಕೆಂಪು ಚುಕ್ಕೆ ಕಂಡರೆ ಸ್ವಲ್ಪ ಮೊಸರು ಬೆರೆಸಿದರೂ ಆಯಿತು.

ಎಲೆ ಅಡಿಕೆ ಹಾಕಿದಾಗ ಬಾಯಿ ಕೆಂಪಾಗುತ್ತದಲ್ಲ, ಅಲ್ಲಿ ಅರಿಶಿಣ ಎಲ್ಲಿದೆ ಅಂತ ಕೇಳಬಹುದು. ಅಲ್ಲಿಯೂ ಕೆಲಸ ಸುಣ್ಣದ್ದೇ, ಬಣ್ಣ ಮಾತ್ರ ಅಡಿಕೆಯ ಒಗರಿನದ್ದು. ಕ್ಷಾರದಲ್ಲಿ ಆ ಒಗರು ಪದಾರ್ಥಗಳು ಗಾಳಿಯ ಆಕ್ಸಿಜನ್ ಜೊತೆ ಸೇರಿ ಕೆಂಪಾಗುತ್ತವೆ.

ನೀರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಇಂಥ ಪ್ರಯೋಗ ಮಾಡಿದ ಮಕ್ಕಳು ಮುಂದೆ ಕೇಳುವ ಪ್ರಶ್ನೆಯೇ ಅದು: ನಮ್ಮ ಬೋರ್ ನೀರು ಒಳ್ಳೆಯದಾ ಅಂತ ಅರಿಶಿಣದಿಂದ ನೋಡಬಹುದಾ? ಆಗುವುದಿಲ್ಲ. ಅರಿಶಿಣ ಹೇಳುವುದು ಕ್ಷಾರ ಇದೆಯೋ ಇಲ್ಲವೋ ಅಂತ ಮಾತ್ರ. ಚಿತ್ರದುರ್ಗ, ಜಗಳೂರು ಸೀಮೆಯ ಎಷ್ಟೋ ಊರುಗಳ ಬೋರ್ ನೀರಿನಲ್ಲಿರುವ ಫ್ಲೋರೈಡ್ ಯಾವ ಹೂವಿಗೂ, ಯಾವ ಬೇರಿಗೂ ಬಣ್ಣ ತೋರಿಸುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಅದನ್ನು ಪ್ರಯೋಗಾಲಯದಲ್ಲೇ ನೋಡಿಸಬೇಕು.

ಈಗ ಕುಂಕುಮ. ಕೆಲವರು ಅರಿಶಿಣಕ್ಕೆ ಸುಣ್ಣ ಬೆರೆಸಿಯೇ ಕುಂಕುಮ ಮಾಡುವುದುಂಟು, ಅದು ಓಕುಳಿಯ ಒಣ ರೂಪ. ಆದರೆ ಮನೆಯಲ್ಲಿ ಮಡಿಯಿಂದ ಕುಂಕುಮ ಮಾಡುತ್ತಿದ್ದವರ ಪದ್ಧತಿ ಬೇರೆ. ಅರಿಶಿಣದ ಕೊಂಬಿನ ಚೂರುಗಳನ್ನು ನಿಂಬೆರಸದಲ್ಲಿ ನೆನೆಸುತ್ತಾರೆ. ಆ ರಸಕ್ಕೆ ಬಿಳಿಗಾರ, ಪಟಿಕ ಪುಡಿ ಮಾಡಿ ಹಾಕಿರುತ್ತಾರೆ. ಆಗಾಗ ಕೈಯಾಡಿಸುತ್ತಾ ನೆರಳಿನಲ್ಲಿ ದಿನಗಟ್ಟಲೆ ಒಣಗಿಸುತ್ತಾರೆ. ಒಣಗಿದಷ್ಟೂ ಕೆಂಪು ಏರುತ್ತದೆ. ಆಮೇಲೆ ಕುಟ್ಟಿ ಜರಡಿ ಹಿಡಿಯುವುದು.

ಇಲ್ಲಿ ನಿಲ್ಲಿ. ನಿಂಬೆರಸದಲ್ಲಿ ನೆನೆದ ಅರಿಶಿಣ ಕೆಂಪಾಗುವುದು ಹೇಗೆ? ಇಷ್ಟು ಹೊತ್ತು ನೋಡಿದ್ದರ ಪ್ರಕಾರ ನಿಂಬೆ ಬಿದ್ದ ಕಡೆ ಹಳದಿ ಇರಬೇಕು.

ಉತ್ತರ ಬಿಳಿಗಾರದಲ್ಲಿದೆ. ಇಂಗ್ಲಿಷಿನ ಬೋರಾಕ್ಸ್ ಅದೇ, ಅದರಲ್ಲಿ ಬೋರಾನ್ ಇದೆ. ಚನ್ನಗಿರಿ ಕಡೆಯ ತೋಟದವರು ಬೋರಾನ್ ಕೊರತೆ ಆದಾಗ ಅಡಿಕೆ, ತೆಂಗಿನ ಬುಡಕ್ಕೆ ಹಾಕುವ ಬೋರಾಕ್ಸ್ ಇದೇ ವಸ್ತು. ನಿಂಬೆಯ ಆಮ್ಲದಲ್ಲಿ ಬಿಳಿಗಾರ ಬೋರಿಕ್ ಆಮ್ಲವಾಗುತ್ತದೆ. ಅದರ ಬೋರಾನ್ ಕರ್ಕ್ಯುಮಿನ್ ಅಣುವಿನ ನಡುಭಾಗದ ಎರಡು ಆಕ್ಸಿಜನ್‌ಗಳಿಗೆ ಕೊಂಡಿ ಹಾಕಿಕೊಳ್ಳುತ್ತದೆ. ಹೊಸ ಸಂಯುಕ್ತ ಹುಟ್ಟುತ್ತದೆ, ಅದರ ಬಣ್ಣ ಕೆಂಪು. ಕೊಂಡಿ ಬೀಳುವಾಗ ನೀರಿನ ಅಣು ಹೊರಬರುತ್ತದೆ. ಸುತ್ತ ನೀರೇ ತುಂಬಿದ್ದರೆ ಆ ಕೆಲಸ ಮುಂದೆ ಸಾಗುವುದಿಲ್ಲ. ಅದಕ್ಕೇ ಒಣಗಿದಷ್ಟೂ ಕೆಂಪು ಏರುವುದು. ಓಕುಳಿಗೆ ನೀರು ಬೇಕು, ಕುಂಕುಮಕ್ಕೆ ನೀರು ಹೋಗಬೇಕು. ಓಕುಳಿಯಲ್ಲಿ ಅಣು ಒಂದು ಹೈಡ್ರೋಜನ್ ಕಳೆದುಕೊಂಡಿತ್ತು, ಇಲ್ಲಿ ಒಂದು ಬೋರಾನ್ ಪಡೆದುಕೊಂಡಿದೆ. ಹೈಡ್ರೋಜನ್ ವಾಪಸ್ಸು ಕೊಟ್ಟು ಹಳದಿ ಮಾಡಿದ ನಿಂಬೆ ಇಲ್ಲಿ ಏನೂ ಮಾಡಲಾರದು. ಕೆಂಪು ಹುಟ್ಟಿದ್ದೇ ನಿಂಬೆಯ ಹುಳಿಯಲ್ಲಿ.

ನೀರಿನಲ್ಲಿ ಬೋರಾನ್ ಎಷ್ಟಿದೆ ಎಂದು ಅಳೆಯಲು ಪ್ರಯೋಗಾಲಯಗಳಲ್ಲಿ ಬಳಸುವ ಒಂದು ವಿಧಾನಕ್ಕೆ ಕರ್ಕ್ಯುಮಿನ್ ವಿಧಾನ ಅಂತಲೇ ಹೆಸರು. ಕೆಂಪು ಎಷ್ಟು ಗಾಢವೋ ಬೋರಾನ್ ಅಷ್ಟು.

ಎರಡೂ ಕೆಂಪನ್ನು ಪಕ್ಕಪಕ್ಕ ಇಟ್ಟು ನೋಡಲು ಅರಿಶಿಣದ ಪಟ್ಟಿ ಮಾಡಿಕೊಳ್ಳಿ. ಒಂದು ಚಮಚ ಅರಿಶಿಣವನ್ನು ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಕಲಕಿ ಸೋಸಿ. ಹತ್ತಿರ ಒಲೆ, ದೀಪ ಇರಬಾರದು. ಬಿಳಿ ಹತ್ತಿ ಬಟ್ಟೆಯ ಉದ್ದನೆಯ ಚೂರುಗಳನ್ನು ಅದರಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ. ಬಿಸಿಲಿನಲ್ಲಿ ಕರ್ಕ್ಯುಮಿನ್ ಒಡೆದು ಬಣ್ಣ ಹಾರುತ್ತದೆ. ಅಂಗಿಯ ಮೇಲಿನ ಅರಿಶಿಣದ ಕಲೆ ಒಗೆದು ಬಿಸಿಲಿಗೆ ಹಾಕಿದರೆ ಹೋಗುವುದೂ ಅದರಿಂದಲೇ. ಒಂದು ಪಟ್ಟಿಗೆ ಸೋಪಿನ ನೀರು ಹಚ್ಚಿ, ತಕ್ಷಣ ಕೆಂಪು. ಇನ್ನೊಂದನ್ನು, ಗ್ರಂಥಿಗೆ ಅಂಗಡಿಯ ಬಿಳಿಗಾರ ಚಿಟಿಕೆ ಕರಗಿಸಿದ ನಿಂಬೆರಸದಲ್ಲಿ ಅದ್ದಿ ಒಣಗಲು ಬಿಡಿ. ಅದು ಒಣಗುತ್ತಾ ಕೆಂಪು-ಕಂದು ಆಗುತ್ತದೆ. ಬಿಳಿಗಾರ ಹೊಟ್ಟೆಗೆ ಹೋಗಬಾರದು, ಕೈ ತೊಳೆದುಕೊಳ್ಳಿ. ಈಗ ಎರಡು ಪಟ್ಟಿಗೂ ನಿಂಬೆರಸ ಹನಿಸಿ. ಸೋಪಿನ ಪಟ್ಟಿ ಹಳದಿಗೆ ಮರಳುತ್ತದೆ, ಬಿಳಿಗಾರದ ಪಟ್ಟಿ ಮರಳುವುದಿಲ್ಲ. ಆ ಎರಡನೆಯ ಪಟ್ಟಿಗೆ ವಾಷಿಂಗ್ ಸೋಡಾದ ನೀರು ತಾಗಿಸಿದರೆ ಇನ್ನೊಂದು ಆಶ್ಚರ್ಯ ಕಾದಿದೆ. ಕೆಂಪು ಹೋಗಿ ಹಸಿರು ಬೆರೆತ ಕಪ್ಪಿನ ಕಡೆಗೆ ತಿರುಗುತ್ತದೆ. ಬೋರಾನ್ ಇರುವುದಕ್ಕೆ ರಸಾಯನಶಾಸ್ತ್ರದವರು ಗುರುತಾಗಿ ನೋಡುವುದು ಈ ಕಪ್ಪನ್ನೇ.

ಮನೆಯಲ್ಲಿರುವ ಕುಂಕುಮದ ಮೇಲೂ ಇದೇ ಎರಡು ಪರೀಕ್ಷೆ ಮಾಡಬಹುದು. ಪ್ಲೇಟಿನ ಮೇಲೆ ಎರಡು ಕಡೆ ಚಿಟಿಕೆ ಕುಂಕುಮ ಇಡಿ. ಒಂದಕ್ಕೆ ನಿಂಬೆ, ಇನ್ನೊಂದಕ್ಕೆ ವಾಷಿಂಗ್ ಸೋಡಾದ ನೀರು. ನಿಂಬೆಗೆ ಹಳದಿ ಆದರೆ ಸುಣ್ಣದಿಂದ ಕೆಂಪು ಮಾಡಿದ್ದು. ನಿಂಬೆಗೆ ಜಗ್ಗದೆ ಸೋಡಾಕ್ಕೆ ಕಪ್ಪಾದರೆ ಬಿಳಿಗಾರದ್ದು. ಎರಡಕ್ಕೂ ಜಪ್ಪಯ್ಯ ಅನ್ನದೆ ನೀರಿಗೆಲ್ಲ ಕೆಂಪು ಬಿಟ್ಟುಕೊಂಡರೆ ಅದು ಕೃತಕ ಬಣ್ಣದ ಪುಡಿ ಇರಬಹುದು. ಹಣೆಯಲ್ಲಿ ತುರಿಕೆ, ಕಪ್ಪು ಕಲೆ ಆಗುತ್ತಿರುವವರು ಮೊದಲು ತಾವು ಹಚ್ಚುವ ಡಬ್ಬಿಯಿಂದಲೇ ಚಿಟಿಕೆ ತೆಗೆದು ನೋಡುವುದು ಒಳ್ಳೆಯದು.